ತೂಕ ಕುದುರಿಸಿದ ಬಾಕ್ಸಿಂಗ್ ಪಂದ್ಯ: ಗೆಲ್ಲುವವರು ಯಾರೆಂದು ಊಹಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಚ್‌ವೇಟ್ ಎಂದರೇನು?

ವೃತ್ತಿಪರ ಬಾಕ್ಸಿಂಗ್‌ನಲ್ಲಿ ಹೆವಿವೇಟ್ ಬಿಟ್ಟು ಪ್ರತಿ ವರ್ಗಕ್ಕೂ ಒಂದು ಗರಿಷ್ಠ ತೂಕ ಇದೆ. ಲೈಟ್‌ವೇಟ್‌ಗೆ 135 ಪೌಂಡ್ (61.2 ಕೆ.ಜಿ.), ವೆಲ್ಟರ್‌ವೇಟ್‌ಗೆ 147 (66.7 ಕೆ.ಜಿ.), ಮಿಡಲ್‌ವೇಟ್‌ಗೆ 160 (72.6 ಕೆ.ಜಿ.). ಎರಡೂ ಕಡೆಯವರು ಕೂತು ಮಾತಾಡಿ, ಈ ಮಿತಿಗಳನ್ನು ಬಿಟ್ಟು ಬೇರೊಂದು ಅಂಕಿಗೆ ಒಪ್ಪಿ ಸಹಿ ಹಾಕಿದರೆ ಅದೇ ಕ್ಯಾಚ್‌ವೇಟ್. 136, 145, 152, 170, ಹೀಗೆ.

ಮೈಸೂರು ದಸರಾ ಕುಸ್ತಿಗೆ ಮುಂಚೆ ಪೈಲ್ವಾನರ ಜೋಡಿ ಕಟ್ಟುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಹಿರಿಯರು ಮೈಕಟ್ಟು, ವಯಸ್ಸು, ಅನುಭವ ನೋಡಿ ಸಮಜೋಡಿ ಹುಡುಕುತ್ತಾರೆ. ಇಲ್ಲಿ ಆ ಕೆಲಸ ಪಂದ್ಯ ಏರ್ಪಡಿಸುವ ಪ್ರವರ್ತಕರದ್ದು, ವಕೀಲರದ್ದು. ಅವರು ಸಮಜೋಡಿಗಿಂತ ತಮ್ಮವನಿಗೆ ಅನುಕೂಲವಾಗುವ ಜೋಡಿಯನ್ನು ಹುಡುಕುತ್ತಾರೆ.

ಇದು ಇತ್ತೀಚೆಗೆ ಶುರುವಾದ ಚಾಳಿಯೇ?

ಅಲ್ಲ. 1906ರ ಸೆಪ್ಟೆಂಬರ್ 3ರಂದು ಅಮೆರಿಕದ ನೆವಾಡಾದ ಗೋಲ್ಡ್‌ಫೀಲ್ಡ್ ಎಂಬ ಗಣಿ ಊರಿನಲ್ಲಿ ಜೋ ಗ್ಯಾನ್ಸ್ ಮತ್ತು ಬ್ಯಾಟ್ಲಿಂಗ್ ನೆಲ್ಸನ್ ಕಾದಾಡಿದರು. ಗ್ಯಾನ್ಸ್ ಕಪ್ಪು ಜನಾಂಗದ ಚಾಂಪಿಯನ್, ಕೈಯಲ್ಲಿ ಕಾಸಿಲ್ಲದ ಸ್ಥಿತಿ. ನೆಲ್ಸನ್ ಕಡೆಯವರು 133 ಪೌಂಡ್‌ಗೆ ಪಟ್ಟು ಹಿಡಿದರು, ಅದೂ ಪಂದ್ಯದ ದಿನವೇ, ಬಟ್ಟೆ ಬೂಟು ತೊಟ್ಟುಕೊಂಡೇ ತೂಗಬೇಕೆಂದು. ಗ್ಯಾನ್ಸ್ ಒಪ್ಪಿದರು, ಇಳಿಸಿದರು, ಮರುಭೂಮಿಯ ಬಿಸಿಲಲ್ಲಿ 42ನೇ ಸುತ್ತಿನವರೆಗೂ ಹೋರಾಡಿದರು. ನೆಲ್ಸನ್ ಸೊಂಟದ ಕೆಳಗೆ ಹೊಡೆದು ಅನರ್ಹರಾದರು, ಪಂದ್ಯ ಗ್ಯಾನ್ಸ್ ಪಾಲಾಯಿತು. ನಾಲ್ಕು ವರ್ಷದ ನಂತರ ಗ್ಯಾನ್ಸ್ ಕ್ಷಯದಿಂದ ತೀರಿಕೊಂಡರು. ಕ್ಯಾಚ್‌ವೇಟ್ ಸುದ್ದಿ ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಮನುಷ್ಯ. ಹಣ ಬೇಕಿದ್ದವನು ತೂಕ ಬಿಟ್ಟುಕೊಡುತ್ತಾನೆ ಎನ್ನುವುದು ಅಂದಿಗೂ ನಿಜ, ಇಂದಿಗೂ ನಿಜ.

ಊಹೆ ಮಾಡುವ ಮೊದಲು ಏನನ್ನು ತಿಳಿದುಕೊಳ್ಳಬೇಕು?

ಆ ಅಂಕಿಯನ್ನು ಕೇಳಿದ್ದು ಯಾರು ಎಂಬುದನ್ನು. 145 ಅಥವಾ 152 ಎಂಬ ಸಂಖ್ಯೆಯನ್ನಷ್ಟೇ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅದನ್ನು ಯಾರು ಬಯಸಿದರು, ಯಾರು ಮನಸ್ಸಿಲ್ಲದೆ ಒಪ್ಪಿದರು ಎನ್ನುವುದರಲ್ಲಿ ಅರ್ಧ ಕಥೆ ಇದೆ. ಸಾಮಾನ್ಯವಾಗಿ ಹೆಚ್ಚು ಟಿಕೆಟ್ ಮಾರುವವನ ಮಾತು ನಡೆಯುತ್ತದೆ. ಆಮೇಲೆ ನೋಡಬೇಕಾದದ್ದು ಇಳಿಯುವವನ ಲೆಕ್ಕ: ಹೋದ ಎರಡು ವರ್ಷದಲ್ಲಿ ಅವನು ತೂಗಿದ ಅತಿ ಕಡಿಮೆ ತೂಕ ಎಷ್ಟು? ಅಲ್ಲಿಂದ ಈಗ ಇನ್ನೂ ಎಷ್ಟು ಇಳಿಯಬೇಕು? ಕೊನೆಗೆ ಏರುವವನ ಲೆಕ್ಕ: ಅವನ ಹೊಡೆತದ ಭಾರ ಮೇಲಿನ ತೂಕದಲ್ಲೂ ಉಳಿಯುತ್ತದೆಯೇ, ಅಲ್ಲಿನವರ ಹೊಡೆತವನ್ನು ಅವನ ಗದ್ದ ತಡೆಯುತ್ತದೆಯೇ?

ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆ ಕಾಗದ ಮಡಚಿಟ್ಟು, ತೂಕವೇ ಇಲ್ಲ ಅಂದುಕೊಂಡು ಇಬ್ಬರ ಆಟವನ್ನು ನೋಡಿ. ಶೈಲಿಯಲ್ಲಿ ಯಾರು ಮೇಲು? ಆ ಉತ್ತರವನ್ನು ತೂಕ ಬದಲಿಸುತ್ತದೆಯೇ ಎಂದು ಆಮೇಲೆ ಕೇಳಿಕೊಳ್ಳಿ. ಬಹಳ ಸಲ ಬದಲಿಸುವುದಿಲ್ಲ. ನಾವು ಎಡವುವುದು ಇಲ್ಲೇ. ಕ್ಯಾಚ್‌ವೇಟ್ ಎಂಬ ಪದ ಕಿವಿಗೆ ಬಿದ್ದ ಕೂಡಲೇ ಆಟವನ್ನು ಮರೆತು ತಕ್ಕಡಿಯನ್ನೇ ನೋಡುತ್ತ ಕೂರುತ್ತೇವೆ.

ಒಂದೆರಡು ಪೌಂಡ್‌ನಿಂದ ಅಷ್ಟೊಂದು ವ್ಯತ್ಯಾಸ ಆಗುತ್ತದೆಯೇ?

ಯಾವ ಎರಡು ಪೌಂಡ್ ಎನ್ನುವುದರ ಮೇಲೆ ಅದು ನಿಂತಿದೆ. ತರಬೇತಿಯ ಮೊದಲ ವಾರಗಳಲ್ಲಿ ಕರಗುವುದು ಕೊಬ್ಬು. ಅದು ಹೋದರೆ ಒಳ್ಳೆಯದೇ. ಕೊನೆಯ ನಾಲ್ಕೈದು ದಿನದಲ್ಲಿ ಇಳಿಯುವುದು ನೀರು. ಉಪ್ಪು ಬಿಡುತ್ತಾರೆ, ಅನ್ನ ರೊಟ್ಟಿ ಬಿಡುತ್ತಾರೆ, ಆಮೇಲೆ ನೀರನ್ನೇ ಗುಟುಕಿಗೆ ಇಳಿಸುತ್ತಾರೆ. ಬೆವರಿನ ಬಟ್ಟೆ ತೊಟ್ಟು ಓಡುತ್ತಾರೆ, ಬಿಸಿನೀರಿನ ತೊಟ್ಟಿಯಲ್ಲಿ ಕೂರುತ್ತಾರೆ. ಹೇಗೋ 147ಕ್ಕೆ ಬಂದು ನಿಂತವನಿಗೆ ಇನ್ನೂ ಎರಡು ಇಳಿಸು ಅಂದರೆ, ಹಿಂಡಿ ಹರವಿದ ಬಟ್ಟೆಯನ್ನು ಮತ್ತೆ ಹಿಂಡಿದ ಹಾಗೆ. ಮೊದಲ ಹತ್ತು ಪೌಂಡ್‌ಗಿಂತ ಈ ಎರಡು ದುಬಾರಿ.

147ರಲ್ಲೇ ಆರಾಮವಾಗಿ 145 ತೂಗುವವನಿಗೆ ಅದೇ ಎರಡು ಪೌಂಡ್ ಲೆಕ್ಕಕ್ಕೇ ಇಲ್ಲ.

ಇಳಿಸಿದ್ದು ಅತಿಯಾಯಿತು ಎಂದು ಹೊರಗಿನವರಿಗೆ ತಿಳಿಯುವುದು ಹೇಗೆ?

2008ರ ಡಿಸೆಂಬರ್ 6ರ ಆಸ್ಕರ್ ಡಿ ಲಾ ಹೋಯಾ–ಮ್ಯಾನಿ ಪಕ್ಯಾವೊ ಪಂದ್ಯಕ್ಕಿಂತ ಒಳ್ಳೆಯ ಪಾಠ ಇಲ್ಲ. ನಡೆದದ್ದು ವೆಲ್ಟರ್‌ವೇಟ್ ಮಿತಿಯಾದ 147ರಲ್ಲೇ, ಆದರೆ ಅಲ್ಲಿಗೆ ಬಂದದ್ದು ಮಾತುಕತೆಯಿಂದ. ಡಿ ಲಾ ಹೋಯಾ 2001ರಿಂದ ಈಚೆಗೆ ಆ ತೂಕಕ್ಕೆ ಇಳಿದೇ ಇರಲಿಲ್ಲ. ಪಕ್ಯಾವೊ ಅದೇ ವರ್ಷದ ಜೂನ್‌ನಲ್ಲಿ 135ರಲ್ಲಿ ಆಡಿದ್ದವರು. ಎತ್ತರದಲ್ಲಿ ಸುಮಾರು ನಾಲ್ಕು ಇಂಚಿನ ಅಂತರ. ದೊಡ್ಡವನು ಚಿಕ್ಕವನನ್ನು ನುಂಗಿಬಿಡುತ್ತಾನೆ ಎಂದೇ ಬಹುಪಾಲು ಜನ ಹೇಳುತ್ತಿದ್ದರು.

ತೂಕದ ದಿನ ಡಿ ಲಾ ಹೋಯಾ ತೂಗಿದ್ದು 145. ಮಿತಿಗಿಂತ ಎರಡು ಪೌಂಡ್ ಕಡಿಮೆ! ಗಂಟೆ ಬಾರಿಸಬೇಕಾದದ್ದು ಅಲ್ಲೇ. ದೊಡ್ಡ ಮೈಯವನು ಮಿತಿಯ ಅಂಚಿಗೆ ಬಂದು ನಿಲ್ಲಬೇಕು. ಅದಕ್ಕೂ ಕೆಳಗೆ ಹೋಗಿದ್ದಾನೆಂದರೆ ಇಳಿಕೆ ಕೈ ತಪ್ಪಿದೆ ಎಂದರ್ಥ. ಪಂದ್ಯದ ರಾತ್ರಿ ಅವರು ಸುಮಾರು 147, ಪಕ್ಯಾವೊ ಅವರಿಗಿಂತ ತುಸು ಹೆಚ್ಚೇ. ಚಿಕ್ಕವನೆನಿಸಿಕೊಂಡವನೇ ಭಾರದವನಾಗಿ ರಿಂಗ್ ಹತ್ತಿದ್ದ. ಎಂಟು ಸುತ್ತು ಕಳೆದ ಮೇಲೆ ಡಿ ಲಾ ಹೋಯಾ ಸ್ಟೂಲಿನಿಂದ ಏಳಲಿಲ್ಲ.

ಹಾಗಾಗಿ ತೂಕದ ದಿನದ ವಿಡಿಯೊವನ್ನು ತಪ್ಪಿಸಬೇಡಿ. ಕೆನ್ನೆ ಒಳಗೆ ಹೋಗಿದೆಯೇ, ತುಟಿ ಒಡೆದಿದೆಯೇ, ತಕ್ಕಡಿ ಇಳಿದವನು ಮೊದಲು ನೀರಿನ ಬಾಟಲಿಗೆ ಕೈ ಚಾಚುತ್ತಾನೋ ಎದುರಾಳಿಯತ್ತ ತಿರುಗುತ್ತಾನೋ ನೋಡಿ.

ಕೊಟ್ಟೊ ಸೋತದ್ದು 145 ಪೌಂಡ್‌ನಿಂದಲೇ ಅಲ್ಲವೇ?

ಇದು ನನಗೆ ಅತಿ ಹೆಚ್ಚು ಬರುವ ಪ್ರಶ್ನೆ. 2009ರ ನವೆಂಬರ್ 14ರಂದು ಲಾಸ್ ವೇಗಸ್‌ನಲ್ಲಿ ಮಿಗೆಲ್ ಕೊಟ್ಟೊ ತಮ್ಮ ವೆಲ್ಟರ್‌ವೇಟ್ ಪಟ್ಟವನ್ನು ಪಕ್ಯಾವೊ ಎದುರು 145ಕ್ಕೆ ಇಳಿದು ಪಣಕ್ಕಿಟ್ಟರು. ನಮಗಿಲ್ಲಿ ಆಗ ಭಾನುವಾರದ ಬೆಳಗು, ತಿಂಡಿಯ ಹೊತ್ತು. ಮೂರನೇ ಸುತ್ತಿನಲ್ಲಿ ಒಮ್ಮೆ, ನಾಲ್ಕನೆಯದರಲ್ಲಿ ಒಮ್ಮೆ ಕೊಟ್ಟೊ ನೆಲಕ್ಕೆ ಬಿದ್ದರು. ಹನ್ನೆರಡನೇ ಸುತ್ತಿನಲ್ಲಿ ರೆಫರಿ ಕೆನ್ನಿ ಬೇಲೆಸ್ ಪಂದ್ಯ ನಿಲ್ಲಿಸಿದರು.

ಚಾಂಪಿಯನ್ ಒಬ್ಬನಿಗೆ ಅವನದೇ ವರ್ಗದಲ್ಲಿ ಎರಡು ಪೌಂಡ್ ಕಡಿತ ಹೇರಿದ್ದು ತಪ್ಪು ಎಂದೇ ನಾನು ಇವತ್ತಿಗೂ ಹೇಳುತ್ತೇನೆ. ಪಟ್ಟ ಪಣಕ್ಕಿದ್ದರೆ ಪೂರ್ತಿ 147ರಲ್ಲೇ ಆಡಬೇಕು. ಆದರೆ ಸೋಲಿನ ಕಾರಣ ಅದೇ ಎಂದು ಒಪ್ಪಲಾರೆ. ಐದು ತಿಂಗಳ ಹಿಂದೆ ಜೋಶುವಾ ಕ್ಲಾಟಿ ಎದುರು ಕೊಟ್ಟೊ ತೂಗಿದ್ದು 146. ಅಲ್ಲಿಂದ ಇಳಿದದ್ದು ಒಂದೇ ಪೌಂಡ್. ಮೊದಲೆರಡು ಸುತ್ತು ಅವರ ಜ್ಯಾಬ್ (ಮುಂದಿನ ಕೈಯಿಂದ ಹಾಕುವ ನೇರ ಹೊಡೆತ) ಚೆನ್ನಾಗಿಯೇ ಓಡಿತು. ಕಾಲಿನಲ್ಲಿ ಶಕ್ತಿ ಇತ್ತು. ಅವರನ್ನು ಬೀಳಿಸಿದ್ದು ಅವರ ಕಣ್ಣಿಗೆ ಕಾಣದೆ ಬಂದ ಹೊಡೆತಗಳು. ಎಡಗೈ ಬಾಕ್ಸರ್ ಒಬ್ಬ ಹೊಡೆದು, ಕಾಲು ಬದಲಿಸಿ, ಕೊಟ್ಟೊ ತಿರುಗುವಷ್ಟರಲ್ಲಿ ಇನ್ನೊಂದು ಕೋನದಿಂದ ಮತ್ತೆ ಹೊಡೆಯುತ್ತಿದ್ದ. 147ರಲ್ಲಿ ಆಡಿದ್ದರೂ ಆ ಕೋನಗಳು ಹಾಗೇ ಇರುತ್ತಿದ್ದವು. ಅದಕ್ಕೂ ಮುಂಚೆ, 2008ರ ಜುಲೈನಲ್ಲಿ ಆಂಟೊನಿಯೊ ಮಾರ್ಗರಿಟೊ ಕೈಯಲ್ಲಿ ಹನ್ನೊಂದು ಸುತ್ತು ತಿಂದ ಏಟು ಕೊಟ್ಟೊ ದೇಹದಲ್ಲಿ ಎಷ್ಟು ಉಳಿದಿತ್ತು ಎನ್ನುವುದು ತಕ್ಕಡಿಗೆ ಗೊತ್ತಾಗುವ ಸಂಗತಿಯಲ್ಲ. ಊಹೆ ಮಾಡುವವರು ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ರಾತ್ರಿ ಕಳೆಯುವಷ್ಟರಲ್ಲಿ ಹೆಚ್ಚು ತೂಕ ಮರಳಿ ಪಡೆದವನಿಗೆ ಅನುಕೂಲವೇ?

ತೂಕ ನೋಡುವುದು ಪಂದ್ಯದ ಹಿಂದಿನ ದಿನ. ನಡುವೆ ಒಂದು ದಿನಕ್ಕಿಂತ ಹೆಚ್ಚು ಸಮಯ ಸಿಗುತ್ತದೆ, ನೀರು ಊಟ ಎಲ್ಲ ಒಳಗೆ ಹೋಗುತ್ತದೆ. ಅನುಕೂಲ ಯಾರಿಗೆ ಎಂಬುದಕ್ಕೆ ಮೂರು ಪಂದ್ಯ ಮೂರು ಉತ್ತರ ಕೊಡುತ್ತವೆ.

2010ರ ನವೆಂಬರ್ 13ರಂದು ಟೆಕ್ಸಸ್‌ನಲ್ಲಿ, 150ರ ಕ್ಯಾಚ್‌ವೇಟ್‌ನಲ್ಲಿ ಪಕ್ಯಾವೊ ಎದುರು ಮಾರ್ಗರಿಟೊ. ಪಂದ್ಯದ ರಾತ್ರಿ ಮಾರ್ಗರಿಟೊ 165, ಪಕ್ಯಾವೊ 148. ಹದಿನೇಳು ಪೌಂಡ್, ಅಂದರೆ ಏಳೂವರೆ ಕಿಲೋಗೂ ಹೆಚ್ಚು ಅಂತರ. ಆದರೂ ಮೂವರು ತೀರ್ಪುಗಾರರೂ ಪಕ್ಯಾವೊಗೇ ಅಂಕ ಕೊಟ್ಟರು, ಮಾರ್ಗರಿಟೊ ಕಣ್ಣಿನ ಗುಳಿಯ ಮೂಳೆ ಮುರಿಯಿತು. ವೇಗ ಭಾರವನ್ನು ಸೋಲಿಸಿತು.

2015ರ ಜೂನ್‌ನಲ್ಲಿ ಇದೇ ಕೊಟ್ಟೊ ಈಗ ಮಾತು ನಡೆಸುವ ಜಾಗದಲ್ಲಿದ್ದರು. ಮಿಡಲ್‌ವೇಟ್ ಪಟ್ಟದ ಪಂದ್ಯಕ್ಕೆ ಆಸ್ಟ್ರೇಲಿಯಾದ ಡೇನಿಯಲ್ ಗೀಲ್ ಅವರನ್ನು 157ಕ್ಕೆ ಇಳಿಸಿದರು. ಗೀಲ್ ತೂಗಿದರು, ಪಂದ್ಯದ ರಾತ್ರಿ 182ಕ್ಕೆ ಏರಿದ್ದರು. ಇಪ್ಪತ್ತೈದು ಪೌಂಡ್ ಮರಳಿತು, ಕಸುವು ಮರಳಲಿಲ್ಲ. ನಾಲ್ಕನೇ ಸುತ್ತಿಗೇ ಮುಗಿಯಿತು.

ಮೂರನೆಯದು ಮನಸ್ಸಿಗೆ ನೋವು ಕೊಡುವಂಥದ್ದು. 2000ದ ಫೆಬ್ರವರಿ 26ರಂದು ನ್ಯೂಯಾರ್ಕ್‌ನಲ್ಲಿ 141ಕ್ಕೆ ನಿಗದಿಯಾದ ಪಂದ್ಯ. ಆರ್ಟುರೊ ಗ್ಯಾಟಿ ಮರುದಿನ ರಿಂಗ್ ಹತ್ತಿದ್ದು 160ರಲ್ಲಿ, ಎದುರಾಳಿ ಜೋಯಿ ಗಮಾಶ್ 145ರಲ್ಲಿ. ಎರಡನೇ ಸುತ್ತಿನಲ್ಲಿ ಗಮಾಶ್ ಪ್ರಜ್ಞೆ ತಪ್ಪಿ ಬಿದ್ದರು. ಮೆದುಳಿಗೆ ಪೆಟ್ಟಾಯಿತು, ಮತ್ತೆಂದೂ ಆಡಲಿಲ್ಲ.

ಹಾಗಾದರೆ ಯಾವುದನ್ನು ನಂಬುವುದು? ವರ್ಷಗಟ್ಟಲೆ ಇಳಿದು ಏರಿ ಮೈ ಪಳಗಿದವನಿಗೆ, ಅದರಲ್ಲೂ ಹೊಡೆತದಲ್ಲಿ ಭಾರ ಇದ್ದವನಿಗೆ, ಮರಳಿದ ತೂಕ ಆಯುಧ. ಮೊದಲ ಸಲ ಅಷ್ಟು ಕೆಳಗೆ ಹೋದವನಿಗೆ ಅದು ಬರೀ ನೀರಿನ ಹೊರೆ. ಸಣ್ಣವನಿಗೆ ಕಾಲಿನ ಚುರುಕಿದ್ದರೆ ಭಾರದವನಿಗೆ ಅವನು ಸಿಗುವುದೇ ಇಲ್ಲ, ನಿಂತು ಹೊಡೆದಾಡುವ ಸ್ವಭಾವ ಇದ್ದರೆ ಸಿಗುತ್ತಾನೆ.

ಮರುದಿನದ ತೂಕಕ್ಕೂ ಮಿತಿ ಹಾಕುತ್ತಾರಂತೆ, ಹೌದೇ?

ಹೌದು. ವಿಶ್ವ ಪಟ್ಟ ಕೊಡುವ ಸಂಸ್ಥೆಗಳಲ್ಲಿ ಒಂದಾದ ಐಬಿಎಫ್ ತನ್ನ ಪಟ್ಟದ ಪಂದ್ಯಗಳಲ್ಲಿ ಮರುದಿನ ಬೆಳಿಗ್ಗೆ ಮತ್ತೆ ತೂಗಿಸಿ, ಮಿತಿಗಿಂತ 10 ಪೌಂಡ್ ಮೀರಬಾರದು ಎಂಬ ನಿಯಮವನ್ನು ಬಹಳ ವರ್ಷ ಇಟ್ಟುಕೊಂಡಿತ್ತು. ಈಗ ಖಾಸಗಿ ಒಪ್ಪಂದಗಳಲ್ಲೂ ಇದು ಬಂದಿದೆ. ಮಾತಿನಲ್ಲಿ ಇದು ಸುರಕ್ಷತೆಯ ಷರತ್ತು. ಇಬ್ಬರಿಗೂ ಒಂದೇ ಥರ ಅನ್ವಯಿಸಿ, ವೈದ್ಯರ ಕಣ್ಣಳತೆಯಲ್ಲಿ ನಡೆದರೆ ನಿಜಕ್ಕೂ ಸುರಕ್ಷತೆಯೇ. ದೊಡ್ಡವನೊಬ್ಬನಿಗೆ ಮಾತ್ರ ಬಿಗಿಯಾಗುವ ಹಾಗೆ ಹಾಕಿದರೆ, ಇಳಿಸಿದ ನೀರನ್ನು ವಾಪಸ್ ಕುಡಿಯಲೂ ಬಿಡದ ಹಾಗೆ ಆಗುತ್ತದೆ. ಒಣಗಿದ ದೇಹದಲ್ಲಿ ತಲೆಗೆ ಏಟು ತಿನ್ನುವುದು ಎಷ್ಟು ಅಪಾಯ ಎಂದು ರಿಂಗ್ ಪಕ್ಕದ ವೈದ್ಯರು ವರ್ಷಗಳಿಂದ ಎಚ್ಚರಿಸುತ್ತ ಬಂದಿದ್ದಾರೆ.

ಒಂದು ಪಂದ್ಯ ಇಟ್ಟುಕೊಂಡು ಊಹೆಯನ್ನು ಮಾಡಿ ತೋರಿಸಬಹುದೇ?

2023ರ ಏಪ್ರಿಲ್ 22, ಲಾಸ್ ವೇಗಸ್: ಜರ್ವಾಂಟಾ ಡೇವಿಸ್ ಮತ್ತು ರಯಾನ್ ಗಾರ್ಸಿಯಾ. ಇಬ್ಬರೂ ಅಜೇಯರು. ಕ್ಯಾಚ್‌ವೇಟ್ 136, ಮರುದಿನ 146 ದಾಟಬಾರದು.

ಯಾರ ಅಂಕಿ? ಡೇವಿಸ್ ಕಡೆಯದು. ಅವರು 135ರಲ್ಲೇ ಆಡುತ್ತಿದ್ದವರು. ಗಾರ್ಸಿಯಾ ಹಿಂದಿನ ಪಂದ್ಯವನ್ನು 140ರಲ್ಲಿ ಆಡಿದ್ದರು, ಎತ್ತರದವರು, ಮೈ ತುಂಬಿಕೊಳ್ಳುತ್ತಿದ್ದ ವಯಸ್ಸು. ಇಳಿಯುವ ಕಷ್ಟ ಪೂರ್ತಿ ಒಂದೇ ಕಡೆ. ಇಷ್ಟಕ್ಕೆ ಡೇವಿಸ್ ಕಡೆ ಸ್ವಲ್ಪ ವಾಲಬಹುದು.

ಈಗ ಕಾಗದ ಮಡಚಿ ಆಟ ನೋಡೋಣ. ಗಾರ್ಸಿಯಾ ಎಡ ಹುಕ್ (ಪಕ್ಕದಿಂದ ಬಾಗಿ ಬರುವ ಹೊಡೆತ) ಮಿಂಚಿನಂಥದ್ದು. ಆದರೆ ಅದನ್ನು ಬೀಸುವಾಗ ಗದ್ದ ಮೇಲೆ, ಬಲಗೈ ಕೆಳಗೆ. ಡೇವಿಸ್ ಎಡಗೈ ಬಾಕ್ಸರ್, ಮೊದಲ ಸುತ್ತುಗಳಲ್ಲಿ ಕಾಯುತ್ತಾರೆ, ಎದುರಾಳಿ ಬೀಸಿದಾಗ ಬಗ್ಗಿ ಒಳಗೆ ನುಗ್ಗಿ ಎಡಗೈ ಹಾಕುತ್ತಾರೆ. ಒಬ್ಬರ ದೋಷಕ್ಕೆ ಇನ್ನೊಬ್ಬರ ಗುಣ ಬೀಗಕ್ಕೆ ಕೀಲಿಯ ಹಾಗೆ ಕೂರುತ್ತದೆ. ತೂಕ ಇಲ್ಲದಿದ್ದರೂ ಡೇವಿಸ್ ಎಂದೇ ಹೇಳಬೇಕಿತ್ತು. ತೂಕ ಸೇರಿದ ಮೇಲೆ ಊಹೆಗೆ ಕೂಡಬಹುದಾದದ್ದು ಒಂದೇ ಮಾತು: ಮೈಗೆ ಬೀಳುವ ಹೊಡೆತ ಗಾರ್ಸಿಯಾಗೆ ಹೆಚ್ಚು ನೋಯುತ್ತದೆ.

ನಡೆದದ್ದು: ಎರಡನೇ ಸುತ್ತಿನಲ್ಲಿ ನುಗ್ಗಿ ಬಂದ ಗಾರ್ಸಿಯಾರನ್ನು ಡೇವಿಸ್ ಎಡಗೈ ಬೀಳಿಸಿತು. ಏಳನೆಯದರಲ್ಲಿ ಪಿತ್ತಜನಕಾಂಗದ ಮೇಲೆ ಬಿದ್ದ ಏಟಿಗೆ ಗಾರ್ಸಿಯಾ ಒಂದು ಕ್ಷಣ ನಿಂತು, ಹಿಂದೆ ಸರಿದು, ಮಂಡಿಯೂರಿದರು. ಹತ್ತು ಎಣಿಸುವವರೆಗೂ ಏಳಲಾಗಲಿಲ್ಲ.

ಷರತ್ತು ಹೇರಿದವರೇ ಯಾವಾಗಲೂ ಗೆಲ್ಲುತ್ತಾರೆಯೇ?

ಹೆಚ್ಚಾಗಿ ಹೌದು. ಆದರೆ ಅವರು ಷರತ್ತು ಹಾಕುವ ಸ್ಥಿತಿಯಲ್ಲಿ ಇದ್ದದ್ದೇ ಒಳ್ಳೆಯ ಬಾಕ್ಸರ್ ಆಗಿದ್ದರಿಂದ. 2013ರಲ್ಲಿ ಫ್ಲಾಯ್ಡ್ ಮೇವೆದರ್ 154ರ ಕನೆಲೊ ಆಲ್ವರೆಜ್‌ರನ್ನು 152ಕ್ಕೆ ಇಳಿಸಿ ಗೆದ್ದರು. 154ರಲ್ಲೂ ಅವರೇ ಗೆಲ್ಲುತ್ತಿದ್ದರು, ಆಟ ಅಷ್ಟು ಏಕಪಕ್ಷೀಯ. (ಒಬ್ಬ ತೀರ್ಪುಗಾರರು ಮಾತ್ರ 114–114, ಅಂದರೆ ಸಮ, ಎಂದು ಬರೆದರು. ಯಾವ ತೂಕದ ಲೆಕ್ಕವೂ ತೀರ್ಪುಗಾರರ ಕಾರ್ಡನ್ನು ಊಹಿಸಿಕೊಡುವುದಿಲ್ಲ.)

ಊಹೆ ತಲೆಕೆಳಗಾದದ್ದೂ ಉಂಟು. 2008ರ ಅಕ್ಟೋಬರ್‌ನಲ್ಲಿ 170ರ ಕ್ಯಾಚ್‌ವೇಟ್‌ನಲ್ಲಿ ಅಜೇಯ ಕೆಲ್ಲಿ ಪಾವ್ಲಿಕ್ ಎದುರು 43 ವರ್ಷದ ಬರ್ನಾರ್ಡ್ ಹಾಪ್ಕಿನ್ಸ್. ಮುದುಕನ ಕಥೆ ಮುಗಿಯಿತು ಎಂದರು. ಹಾಪ್ಕಿನ್ಸ್ ಹನ್ನೆರಡು ಸುತ್ತೂ ಪಾಠ ಹೇಳಿಕೊಟ್ಟ ಹಾಗೆ ಆಡಿ ಭಾರೀ ಅಂತರದಿಂದ ಗೆದ್ದರು. ಆ ಪಂದ್ಯವನ್ನು ಇವತ್ತಿಗೂ ವರ್ಷಕ್ಕೊಮ್ಮೆಯಾದರೂ ಹಾಕಿಕೊಂಡು ನೋಡುತ್ತೇನೆ.

ಯೂಬ್ಯಾಂಕ್–ಬೆನ್ ಜೋಡಿಯಲ್ಲಿ ಊಹೆ ಯಾಕೆ ಕೆಟ್ಟಿತು?

ಮೊದಲು ಹಿನ್ನೆಲೆ. ಇವರ ಅಪ್ಪಂದಿರು 1990 ಮತ್ತು 1993ರಲ್ಲಿ ಬ್ರಿಟನ್ನೇ ಉಸಿರು ಬಿಗಿಹಿಡಿದು ನೋಡಿದ ಎರಡು ಪಂದ್ಯ ಆಡಿದವರು. ಮಕ್ಕಳ ಪಂದ್ಯ 2022ರ ಅಕ್ಟೋಬರ್‌ಗೆ 157ರಲ್ಲಿ ನಿಗದಿಯಾಗಿ, ಕಾನರ್ ಬೆನ್ ಅವರ ಮಾದರಿಯಲ್ಲಿ ನಿಷೇಧಿತ ವಸ್ತು ಕಂಡುಬಂದು ನಿಂತುಹೋಯಿತು. ಕೊನೆಗೆ 2025ರ ಏಪ್ರಿಲ್ 26ರಂದು ಲಂಡನ್‌ನಲ್ಲಿ 160ರಲ್ಲಿ ನಡೆಯಿತು. ಮರುದಿನ 170 ಮೀರಬಾರದೆಂಬ ಷರತ್ತೂ ಇತ್ತು. ಕ್ರಿಸ್ ಯೂಬ್ಯಾಂಕ್ ಜೂನಿಯರ್ ಒಂದು ಪೌಂಡ್‌ನ ಇಪ್ಪತ್ತನೇ ಒಂದು ಭಾಗದಷ್ಟು ಹೆಚ್ಚು ತೂಗಿ 3,75,000 ಪೌಂಡ್ ಹಣ ದಂಡ ತೆತ್ತರು.

ಇಳಿದು ಸೊರಗಿದವನು ಸೋಲುತ್ತಾನೆ ಎಂಬ ಸೂತ್ರವನ್ನೇ ನಂಬಿದವರು ಬೆನ್ ಎಂದರು. ಯೂಬ್ಯಾಂಕ್ 116–112ರಲ್ಲಿ ಗೆದ್ದರು, ಗೆದ್ದು ನೇರ ಆಸ್ಪತ್ರೆ ಸೇರಿದರು. ನವೆಂಬರ್ 15ರ ಮರುಪಂದ್ಯದಲ್ಲಿ ಅದೇ ಜನ ಯೂಬ್ಯಾಂಕ್ ಎಂದರು. ಬೆನ್ ಕೊನೆಯ ಸುತ್ತಿನಲ್ಲಿ ಅವರನ್ನು ಎರಡು ಸಲ ಬೀಳಿಸಿ ದೊಡ್ಡ ಅಂತರದಿಂದ ಗೆದ್ದರು. ನನ್ನ ಓದು ಇಷ್ಟು: ಮೊದಲ ಪಂದ್ಯದ ಬೆಲೆಯನ್ನು ಯೂಬ್ಯಾಂಕ್ ಎರಡನೆಯದರಲ್ಲಿ ಕಟ್ಟಿದರು. 36ರ ಹರೆಯದಲ್ಲಿ ಏಳು ತಿಂಗಳೊಳಗೆ ಎರಡು ಸಲ ಹಾಗೆ ಇಳಿಯುವುದನ್ನು ದೇಹ ಕ್ಷಮಿಸುವುದಿಲ್ಲ. ತೂಕದ ಪರಿಣಾಮ ಯಾವಾಗಲೂ ಅದೇ ರಾತ್ರಿ ಕಾಣಬೇಕೆಂದಿಲ್ಲ.

ಒಪ್ಪಿದ ತೂಕ ತಪ್ಪಿಸಿದವನ ಬಗ್ಗೆ ಏನು ಹೇಳುತ್ತೀರಿ?

ಅವನು ದುರ್ಬಲ ಎಂದುಕೊಳ್ಳಬೇಡಿ. ಇಳಿಸುವುದನ್ನು ನಡುವೆಯೇ ನಿಲ್ಲಿಸಿದವನು ತಾಜಾ ಆಗಿರುತ್ತಾನೆ, ನಿಷ್ಠೆಯಿಂದ ಇಳಿಸಿದವನೇ ಒಣಗಿರುತ್ತಾನೆ. 2005ರಲ್ಲಿ ಹೋಸೆ ಲೂಯಿಸ್ ಕಾಸ್ಟಿಯೊ ತೂಕ ತಪ್ಪಿಸಿ ಡಿಯೇಗೊ ಕೊರಾಲೆಸ್‌ರನ್ನು ನಾಲ್ಕನೇ ಸುತ್ತಿನಲ್ಲಿ ಮಲಗಿಸಿದರು. 2024ರಲ್ಲಿ ರಯಾನ್ ಗಾರ್ಸಿಯಾ 140ಕ್ಕೆ ಬದಲು 143.2 ತೂಗಿ ಡೆವಿನ್ ಹೇನಿಯನ್ನು ಮೂರು ಸಲ ಬೀಳಿಸಿದರು. ಆಮೇಲೆ ಗಾರ್ಸಿಯಾ ಉದ್ದೀಪನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಫಲಿತಾಂಶವೇ ರದ್ದಾಯಿತು. 2009ರಲ್ಲಿ ಮೇವೆದರ್ 144ಕ್ಕೆ ಒಪ್ಪಿ 146 ತೂಗಿದರು, ಹುವಾನ್ ಮಾನ್ವೆಲ್ ಮಾರ್ಕೆಸ್‌ಗೆ 6,00,000 ಡಾಲರ್ ದಂಡ ಕಟ್ಟಿ ಸುಲಭವಾಗಿ ಗೆದ್ದರು. ದಂಡ ಕಟ್ಟುವ ಶಕ್ತಿ ಇದ್ದವನಿಗೆ ಒಪ್ಪಂದ ಕಾಗದವಷ್ಟೇ ಎಂಬುದು ನನಗೆ ಈ ಆಟದಲ್ಲಿ ಅತ್ಯಂತ ಬೇಸರದ ಸಂಗತಿ.

ಒಲಿಂಪಿಕ್ಸ್‌ನಲ್ಲಿ ಇದು ಇಲ್ಲವೇ?

ಇಲ್ಲ. ಅಲ್ಲಿ ವರ್ಗ ಎಂದರೆ ವರ್ಗ. ಕುಸ್ತಿಯ ಉದಾಹರಣೆ ನಮಗೆಲ್ಲ ಗೊತ್ತು: 2024ರ ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ 50 ಕೆ.ಜಿ. ಫೈನಲ್‌ನ ಬೆಳಿಗ್ಗೆ 100 ಗ್ರಾಂ ಹೆಚ್ಚು ತೂಗಿ ಅನರ್ಹರಾದರು. ಅಲ್ಲಿ ದಂಡ ಕಟ್ಟುವ ದಾರಿಯಿಲ್ಲ, ಎದುರಾಳಿ ಒಪ್ಪಿದರೂ ನಡೆಯುವುದಿಲ್ಲ.

ಈ ಊಹೆಯ ಮೇಲೆ ಹಣ ಕಟ್ಟಬಹುದೇ?

ಬೇಡ. ತಕ್ಕಡಿ ಇಳಿದವನ ಮೈಯೊಳಗೆ ಎಷ್ಟು ನೀರು ಉಳಿದಿದೆ ಎನ್ನುವುದು ಅವನಿಗೆ, ಅವನ ಕೋಚ್‌ಗೆ ಬಿಟ್ಟು ಯಾರಿಗೂ ಗೊತ್ತಿರುವುದಿಲ್ಲ.

ಪಂದ್ಯ ಶುರುವಾದ ಮೇಲೆ ಊಹೆ ಸರಿಯೇ ಎಂದು ಯಾವಾಗ ತಿಳಿಯುತ್ತದೆ?

ಇಳಿದು ಬಂದವನ ಕಾಲುಗಳನ್ನು ನೋಡಿ, ಕೈಗಳನ್ನಲ್ಲ. ಕೈವೇಗ ಕೊನೆಯವರೆಗೂ ಮೋಸ ಮಾಡುತ್ತದೆ. ಮೂರನೇ ಸುತ್ತಿನ ಹೊತ್ತಿಗೆ ಹಗ್ಗಕ್ಕೆ ಒರಗಿ ನಿಲ್ಲಲು ಶುರುಮಾಡಿದನೇ, ಹೊಡೆದ ಮೇಲೆ ಸರಿಯದೆ ಅಲ್ಲೇ ನಿಂತನೇ, ಹೊಟ್ಟೆಗೆ ಏಟು ಬಿದ್ದಾಗ ಮೊಣಕೈ ತಟ್ಟನೆ ಕೆಳಗಿಳಿಯಿತೇ? ಸುತ್ತು ಮುಗಿದು ಮೂಲೆಗೆ ಬಂದಾಗ ಬಾಯಿ ತೆರೆದು ಉಸಿರಾಡುತ್ತಿದ್ದಾನೆಯೇ? ನಾಲ್ಕನೇ ಸುತ್ತಿನ ಗಂಟೆ ಬಾರಿಸುವಾಗ ಅವನು ಸ್ಟೂಲಿನಿಂದ ಏಳುವುದನ್ನು ಗಮನಿಸಿ. ಹಗ್ಗ ಹಿಡಿಯದೆ ಎದ್ದರೆ ತೂಕದ ಮಾತು ಬಿಟ್ಟುಬಿಟ್ಟು ಆಟ ನೋಡಬಹುದು.